ನಾನು ‘ಹೋತು’ ಅಂದ ಮ್ಯಾಚು

ಪಾತ್ರೆ ಮಾರುವವನಿಗೆ ಕಣ್ಣಿಗಿಂತ ಕಿವಿ ಚುರುಕಾಗಿರಬೇಕು ಎಂದು ನಮ್ಮಪ್ಪ ಹೇಳುತ್ತಿದ್ದ. ಕೊಡವನ್ನು ಬೆರಳಿನ ಗೆಣ್ಣಿನಿಂದ ಒಮ್ಮೆ ಬಾರಿಸಿದರೆ ತಗಡು ದಪ್ಪವೋ ತೆಳುವೋ, ಬೆಸುಗೆ ಎಲ್ಲಾದರೂ ಬಿಟ್ಟಿದೆಯೋ ಗೊತ್ತಾಗಬೇಕು. ನನಗೆ ಗೊತ್ತಾಗುತ್ತಿತ್ತು. ಆ ಕಿವಿಯ ಬಗ್ಗೆ ನನಗೆ ಸೊಕ್ಕೂ ಇತ್ತು. ಅಂಥ ಕಿವಿ ಇಟ್ಟುಕೊಂಡವನು ಒಂದೇ ಒಂದು ಶಬ್ದದಲ್ಲಿ ಒಬ್ಬ ಮನುಷ್ಯನ ಹೆಸರು ಕೆಡಿಸಿದೆ. ಶಬ್ದ ತಪ್ಪಿ ಬಂದದ್ದು. ಆಮೇಲೆ ಹತ್ತು ವರ್ಷ ಬಾಯಿ ಮುಚ್ಚಿಕೊಂಡದ್ದು ತಪ್ಪಿ ಅಲ್ಲ.

ಗೋವಾದ ಡಿಚೋಲಿಯ ಪೇಟೆಯಲ್ಲಿ ನಾನು ಸ್ಟೀಲ್ ಪಾತ್ರೆಯ ಅಂಗಡಿ ಹಾಕಿದ್ದು ಎರಡು ಸಾವಿರದ ಇಸವಿಯಲ್ಲಿ. ಧಾರವಾಡದಲ್ಲಿ ಇಬ್ಬರು ಅಣ್ಣಂದಿರ ಕೆಳಗೆ ಮೂರನೆಯವನಾಗಿ ಕೂರುವುದಕ್ಕಿಂತ, ಪರಊರಾದರೂ ಸ್ವಂತ ಗಾದಿ ಇರಲಿ ಎಂದು ಬಂದವನು. ಬರುತ್ತಿದ್ದ ಗಿರಾಕಿಗಳಲ್ಲಿ ಅರ್ಧ ಊರಿನ ಹೆಂಗಸರು, ಇನ್ನರ್ಧ ನಮ್ಮ ಕಡೆಯವರು. ವಿಜಯಪುರ, ಬಾಗಲಕೋಟೆಯಿಂದ ಬಂದು ಗಣಿಯ ಅದಿರು ಸಾಗಿಸುವ ಟ್ರಕ್ ಓಡಿಸುತ್ತಿದ್ದವರು, ಅವರ ಹೆಂಡಂದಿರು. ಏನು ಕೊಂಡರೂ ಅದರ ಮೇಲೆ ಪುಕ್ಕಟೆ ಹೆಸರು ಹಾಕಿಕೊಡುವುದು ನನ್ನ ಅಂಗಡಿಯ ಪದ್ಧತಿ. ಪೆನ್ನಿನಂಥ ಒಂದು ಮಿಷನ್ನು, ತುದಿಯಲ್ಲಿ ಸೂಜಿ. ಗುಂಡಿ ಒತ್ತಿದರೆ ಜಿರ್ರೆಂದು ಸದ್ದು ಮಾಡುತ್ತ ಸ್ಟೀಲಿನ ಮೇಲೆ ಅಕ್ಷರ ಕೊರೆಯುತ್ತದೆ. ಒಮ್ಮೆ ಬಿದ್ದ ಅಕ್ಷರ ಅಳಿಸಲು ಬರುವುದಿಲ್ಲ. ಆದ್ದರಿಂದ ಎರಡು ಸಲ ಕೇಳು, ಒಂದು ಸಲ ಬರೆ ಎನ್ನುವುದು ನಮ್ಮ ದಂಧೆಯ ಮೊದಲ ಪಾಠ. ಅಂಗಡಿಯಲ್ಲಿ ನಾನು ಇದನ್ನು ಎಂದೂ ಮೀರಿದವನಲ್ಲ.

ನನಗೆ ಬರುತ್ತಿದ್ದದ್ದು ಅಂಗಡಿಯ ಮರಾಠಿ. ಏನು ಬೇಕು, ಎಷ್ಟು ಬೇಕು, ಗಿಟ್ಟುವುದಿಲ್ಲ, ನಾಳೆ ಬನ್ನಿ, ಇಷ್ಟೇ. ಅದರಾಚೆಗೆ ಯಾರಾದರೂ ಎರಡು ವಾಕ್ಯ ಹೆಚ್ಚು ಆಡಿದರೆ ತಲೆ ಅಲ್ಲಾಡಿಸಿ ನಗುತ್ತಿದ್ದೆ. ಆದರೆ ಮರಾಠಿ ಬರುತ್ತದೆಯೇ ಎಂದು ಕೇಳಿದವರಿಗೆ, “ಧಾರವಾಡದವರಿಗೆ ಮರಾಠಿ ಕಲಿಸಬೇಕೇನ್ರಿ?” ಎನ್ನುತ್ತಿದ್ದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬೇಕಲ್ಲ!

ಮಳೆಗಾಲ ಬಂತೆಂದರೆ ಗಣಿ ನಿಲ್ಲುತ್ತದೆ, ಟ್ರಕ್ಕುಗಳು ನಿಲ್ಲುತ್ತವೆ, ಡ್ರೈವರುಗಳು ಊರಿಗೆ ಹೋಗುತ್ತಾರೆ. ಅದಕ್ಕೆ ಮೊದಲು, ಮೇ ತಿಂಗಳ ಕೊನೆಯ ಭಾನುವಾರ, ಪೇಟೆಯ ಹುಡುಗರಿಗೂ ಡ್ರೈವರುಗಳಿಗೂ ಒಂದು ಫುಟ್‌ಬಾಲ್ ಮ್ಯಾಚು. ಊರ ಅಂಚಿನ ಮೈದಾನದಲ್ಲಿ ಅದಿರಿನ ಕೆಂಪು ಧೂಳು ಎಷ್ಟಿತ್ತೆಂದರೆ, ಬೆಳಗ್ಗೆ ಎಳೆದ ಸುಣ್ಣದ ಗೆರೆ ಆಟ ಶುರುವಾಗುವ ಹೊತ್ತಿಗೆ ಕೆಂಪಾಗಿರುತ್ತಿತ್ತು. ಗೋಲಿನ ಕಂಬಗಳಿಗೆ ಕಟ್ಟುತ್ತಿದ್ದದ್ದು ಮೀನಿನ ಹಳೆಯ ಬಲೆ. ಅಲ್ಲಲ್ಲಿ ತೂತು, ಅಲ್ಲಲ್ಲಿ ತೇಪೆ.

ಆಟ ನಡೆಸುತ್ತಿದ್ದವರು ಮರಾಠಿ ಶಾಲೆಯ ಒಬ್ಬ ಮಾಸ್ತರರು. ಆಗಲೇ ಐವತ್ತೈದು ದಾಟಿತ್ತು, ಆದರೂ ಸೀಟಿ ಊದುತ್ತ ಮೈದಾನದ ತುಂಬ ಓಡುತ್ತಿದ್ದರು. ಒಂದು ವರ್ಷ ಸ್ವಂತ ಅಳಿಯನನ್ನೇ ಆಟದಿಂದ ಹೊರಗೆ ಹಾಕಿದವರು. ಮರಾಠಿ, ಕೊಂಕಣಿ ಬಿಟ್ಟರೆ ಬೇರೆ ಆಡುತ್ತಿರಲಿಲ್ಲ. ನನ್ನ ಜೊತೆಗಂತೂ ಮರಾಠಿಯೇ, ಯಾಕೆಂದರೆ ಬರುತ್ತದೆ ಎಂದು ಬಡಾಯಿ ಕೊಚ್ಚಿದವನು ನಾನೇ.

ಎರಡು ಸಾವಿರದ ಎರಡನೇ ಇಸವಿಯ ಮ್ಯಾಚಿಗೆ ಅವರು ನನ್ನನ್ನು ಲೈನ್‌ಮನ್ ಮಾಡಿದರು. ಇವನು ಕನ್ನಡದವನು, ಆದರೆ ಅಂಗಡಿ ಪೇಟೆಯಲ್ಲಿದೆ, ಆದ್ದರಿಂದ ಯಾವ ಕಡೆಗೂ ವಾಲುವುದಿಲ್ಲ ಎಂಬುದು ಅವರ ಲೆಕ್ಕ. ನಾನು ಉಬ್ಬಿಹೋದೆ. ಬಿಳಿ ಪ್ಯಾಂಟು ಹಾಕಿಕೊಂಡು ಕೆಂಪು ಧೂಳಿನ ಮೈದಾನಕ್ಕೆ ಹೋದೆ ಎಂದರೆ ನನ್ನ ಬುದ್ಧಿ ಎಷ್ಟೆಂದು ನೀವೇ ಊಹಿಸಿ.

ಡ್ರೈವರುಗಳ ಗೋಲ್‌ಕೀಪರ್ ನನಗೆ ಗುರುತಿನವನು. ವಿಜಯಪುರದ ಕಡೆಯವನು, ಮೂವತ್ತರ ಒಳಗಿನ ವಯಸ್ಸು, ಮೊಣಕಾಲು ಮುಟ್ಟುವಷ್ಟು ಉದ್ದ ಕೈ. ಮಧ್ಯಾಹ್ನ ಟ್ರಕ್ಕನ್ನು ಪೇಟೆಯ ಹೊರಗೆ ನಿಲ್ಲಿಸಿ ಬಂದು ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತು ಒಂದು ತಂಬಿಗೆ ನೀರು ಕುಡಿಯುತ್ತಿದ್ದ. “ಅಣ್ಣಾರ, ನೀರ್ ಕೊಡ್ರಿ” ಎನ್ನುತ್ತಿದ್ದ. ನಾನು “ತಮ್ಮಾ” ಎನ್ನುತ್ತಿದ್ದೆ. ಅಷ್ಟೇ ಸಂಬಂಧ. ಆದರೆ ಪರಊರಿನಲ್ಲಿ ‘ಅಣ್ಣಾರ’ ಎಂದು ಕರೆಸಿಕೊಳ್ಳುವುದು ಸಣ್ಣ ಮಾತಲ್ಲ. ಅವನು ಬಾರದ ದಿನ ನಾನು ಎರಡು ಸಲ ಬಾಗಿಲ ಕಡೆ ನೋಡುತ್ತಿದ್ದೆ.

ಆಟ ಮುಗಿಯಲು ಐದು ನಿಮಿಷ ಉಳಿದಿತ್ತು. ಯಾರೂ ಗೋಲು ಹೊಡೆದಿರಲಿಲ್ಲ. ನಾನು ಡ್ರೈವರುಗಳ ಗೋಲಿನ ಪಕ್ಕ, ಮೂಲೆಯ ಹತ್ತಿರ ನಿಂತಿದ್ದೆ. ಪೇಟೆಯ ಹುಡುಗನೊಬ್ಬ ದೂರದಿಂದ ಬೀಸಿ ಒದ್ದ. ಚೆಂಡು ನನ್ನ ಕಡೆಯ ಕಂಬದತ್ತ ಬಂತು. ಗೋಲ್‌ಕೀಪರ್ ಅದರ ಮೇಲೆ ಹಾರಲು ಕೈ ಚಾಚಿದವನು, ಕೊನೆಯ ಗಳಿಗೆಯಲ್ಲಿ ಕೈ ಹಿಂದಕ್ಕೆ ಎಳೆದುಕೊಂಡ. ಸರಿಯಾಗಿಯೇ ಮಾಡಿದ. ಚೆಂಡು ಹೊರಗೆ ಹೋಗುತ್ತಿತ್ತು. ಮುಟ್ಟಿದ್ದರೆ ಸುಮ್ಮನೆ ಎದುರಿನವರಿಗೆ ಕಾರ್ನರ್ ಸಿಗುತ್ತಿತ್ತು. ಚೆಂಡು ಕಂಬದ ಹೊರಗಿನಿಂದ ಒಂದು ಗೇಣು ಆಚೆ ದಾಟಿತು. ದಾಟಿ, ಪಕ್ಕದ ಬಲೆಯ ತೂತಿನೊಳಗೆ ನುಗ್ಗಿ, ಗೋಲಿನ ಒಳಗೆ ಹೋಗಿ ಕೂತಿತು.

ದೂರದಲ್ಲಿದ್ದವರಿಗೆಲ್ಲ ಕಂಡದ್ದು ಒಂದೇ: ಗೋಲ್‌ಕೀಪರ್ ಕೈ ಹಿಂದೆ ತೆಗೆದ, ಚೆಂಡು ಬಲೆಯೊಳಗಿದೆ. ಅದು ಹೊರಗಿನಿಂದ ಬಂದದ್ದನ್ನು ಕಂಡವರು ನಾವಿಬ್ಬರೇ.

ನಾನು ಬಾವುಟ ಎತ್ತಿದೆ. ಬಾವುಟಕ್ಕೆ ಮಾತು ಬರುವುದಿಲ್ಲ, ಏನೋ ಆಗಿದೆ ಎಂದಷ್ಟೇ ಅದು ಹೇಳುತ್ತದೆ. ಮಾಸ್ತರರು ಓಡಿ ಬರುತ್ತ ದೂರದಿಂದಲೇ ಕೂಗಿದರು: “ಗೋಲ್ ಹೋತಾ?”

ನಮ್ಮ ಕಡೆಯವರ ಬಾಯಲ್ಲಿ ‘ಹೋಯಿತು’ ಎನ್ನುವುದು ‘ಹೋತು’. ಚೆಂಡು ಹೊರಗೆ ಹೋತೇನು ಎಂದು ಅವರು ಕೇಳಿದರೆಂದೇ ನಾನು ತಿಳಿದೆ. ಮೈದಾನದ ಗದ್ದಲದಲ್ಲಿ ‘ಗೋಲ್’ ಕಿವಿಗೆ ಬೀಳಲಿಲ್ಲ, ಅವರು ಮರಾಠಿಯವರು ಎಂಬುದೂ ಮರೆತುಹೋಯಿತು. ಎದೆ ತುಂಬ ಉಸಿರು ತೆಗೆದುಕೊಂಡು ಕೂಗಿದೆ: “ಹೋತ್, ಹೋತ್! ಹೋತ್ರೀ!”

ಮಾಸ್ತರರು ಸೀಟಿ ಊದಿ ಮೈದಾನದ ನಡುವಿಗೆ ಕೈ ತೋರಿಸಿದರು. ಗೋಲು.

ಪೇಟೆಯ ಹುಡುಗರು ಕುಣಿಯತೊಡಗಿದರು. ಡ್ರೈವರುಗಳು ಮಾಸ್ತರರನ್ನು ಮುತ್ತಿದರು. ಯಾರೋ ಅವರ ಅಂಗಿಯ ತೋಳು ಹಿಡಿದೆಳೆದ. ಅವರು ಹೆದರಲಿಲ್ಲ. ನನ್ನ ಕಡೆ ಬೆರಳು ಮಾಡಿ ಗಟ್ಟಿಯಾಗಿ ಅಂದರು: “ಹಾ ಮ್ಹಣತೋಯ್, ಹೋತಾ!” ಗೋಲ್ ಆಗಿತ್ತು ಎಂದು ಇವನೇ ಹೇಳುತ್ತಿದ್ದಾನಲ್ಲ!

ಆ ಗಳಿಗೆಯಲ್ಲಿ ನನಗೆ ತಿಳಿಯಿತು. ಅವರ ಮರಾಠಿಯಲ್ಲಿ ‘ಹೋತಾ’ ಎಂದರೆ ‘ಇತ್ತು’. ಗೋಲು ಹೌದೇ ಎಂದು ಅವರು ಕೇಳಿದ್ದರು. ಹೌದು, ಹೌದು, ಹೌದ್ರೀ ಎಂದು ನಾನು ಮೂರು ಸಲ ಕೂಗಿದ್ದೆ. ಇನ್ನೂ ಹೊತ್ತು ಮೀರಿರಲಿಲ್ಲ. ನಾಲ್ಕು ಹೆಜ್ಜೆ ಮುಂದೆ ಹೋಗಿ, ಸರ್, ನಾನು ತಪ್ಪು ತಿಳಿದೆ, ನನಗೆ ಮರಾಠಿ ಬರುವುದಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಪೇಟೆಯೆಲ್ಲ ನಿಂತು ನೋಡುತ್ತಿತ್ತು. ನನಗೆ ನಾಚಿಕೆಯಾಯಿತು. ಬೇರೆ ಯಾವ ದೊಡ್ಡ ಕಾರಣವೂ ಇರಲಿಲ್ಲ. ಬರೀ ನಾಚಿಕೆ.

ಗೋಲ್‌ಕೀಪರ್ ನನ್ನ ಮುಂದೆ ಬಂದು ನಿಂತ. ಮುಖದ ತುಂಬ ಕೆಂಪು ಧೂಳು, ಕಣ್ಣು ಮಾತ್ರ ಬೆಳ್ಳಗೆ.

“ಅಣ್ಣಾರ, ನೀವು ಏನಂದ್ರಿ?”

“ನಾ ಹೋತು ಅಂದೆಪಾ.”

“ಎಲ್ಲಿ ಹೋತ್ರಿ? ಒಳಗೋ, ಹೊರಗೋ?”

ನಾನು ಬಾವುಟದ ಕೋಲನ್ನು ನೋಡಿದೆ.

“ಹೋತು ಅಂದ್ರ ಹೋತು. ಅಷ್ಟ.”

ಸುಳ್ಳು ಹೇಳಲಿಲ್ಲ, ನೋಡಿ. ಅಷ್ಟರಮಟ್ಟಿಗೆ ನಾನು ಜಾಣ. ನಮ್ಮ ಮಂದಿ ಅದನ್ನು ಒಳಗೆ ಹೋಯಿತು ಎಂದು ತಿಳಿದರು, ಪೇಟೆಯವರು ಇತ್ತು ಎಂದು ತಿಳಿದರು. ಅವನೊಬ್ಬ ನನ್ನ ಮುಖವನ್ನೇ ನೋಡುತ್ತ ನಿಂತ. ನಾನು ಕಂಡಿದ್ದೇನೆಂದು ಅವನಿಗೆ ಗೊತ್ತಿತ್ತು.

ಅವನ ಜೊತೆಯವರು ಅವನ ಮೇಲೆಯೇ ತಿರುಗಿಬಿದ್ದರು. “ಕೈ ಯಾಕ ಹಿಂದ ತಗದಿ?” ಎಂದು ಒಬ್ಬ ಎದೆಗೆ ಕೈ ಹಚ್ಚಿ ನೂಕಿದ. “ಚೆಂಡ ಹೊರಗ ಹೊಂಟಿತ್ತೋ” ಎಂದ ಇವನು. “ಹೊರಗ ಹೊಂಟಿದ್ದು ಬಲಿಯಾಗ ಹೆಂಗ ಬಂತು? ಹಾರಿ ಬಂತೇನು?” ಬಲೆಯ ತೂತು ತೋರಿಸಲು ಅವನು ತಿರುಗಿದ. ಗೋಲಿನಲ್ಲಿ ಬಲೆಯೇ ಇರಲಿಲ್ಲ. ಗೆದ್ದ ಹುಡುಗರು ಅದನ್ನು ಕಿತ್ತು ತಮ್ಮ ನಾಯಕನ ಮೈಗೆ ಸುತ್ತಿ ಮೆರವಣಿಗೆ ಹೊರಟಿದ್ದರು.

ಸಂಜೆಯ ಹೊತ್ತಿಗೆ ಅವನಿಗೆ ಹೊಸ ಹೆಸರು ಬಿದ್ದಿತ್ತು. ಕೈಬಿಟ್ಟಾಂವ.

ಮುಂದಿನ ಅಕ್ಟೋಬರಿನಲ್ಲಿ ಟ್ರಕ್ಕುಗಳು ಮತ್ತೆ ಓಡತೊಡಗಿದಾಗ ಆ ಹೆಸರೂ ಜೊತೆಗೆ ಬಂತು. ದಾರಿಯಲ್ಲಿ ಗಾಡಿ ಕೆಟ್ಟು ನಿಂತ ಹೊಸಬನಿಗೆ ಹಳಬರು ಹೇಳುತ್ತಿದ್ದರು: “ಆ ಕೈಬಿಟ್ಟಾಂವನ ಕೇಳಬ್ಯಾಡ, ನಡುದಾರ್ಯಾಗ ಬಿಟ್ಟ ಹೋಗ್ತಾನ.” ಚೇಷ್ಟೆಯೇ. ಆದರೆ ಚೇಷ್ಟೆಯನ್ನು ದಿನಾ ಉಂಡವನಿಗೆ ಅದು ಚೇಷ್ಟೆಯಾಗಿ ಉಳಿಯುವುದಿಲ್ಲ. ಅವನ ನಿಜವಾದ ಹೆಸರು ಮೊದಲು ಗೇಲಿಯಲ್ಲಿ ಮರೆಯಾಯಿತು, ಆಮೇಲೆ ರೂಢಿಯಲ್ಲಿ. ಒಂದೆರಡು ಸಲ ಅವನು ನನ್ನ ಅಂಗಡಿಗೆ ಬಂದು ನೀರು ಕೇಳಿದ. ನನ್ನ ಬಾಯಿಂದ ಏನಾದರೂ ಬರುತ್ತದೆಯೋ ಎಂದು ಕಾಯುತ್ತ, ಖಾಲಿ ತಂಬಿಗೆ ಹಿಡಿದುಕೊಂಡು ಬೇಕೆಂದೇ ತಡಮಾಡುತ್ತಿದ್ದ. ನಾನು ಬಟ್ಟೆಯಿಂದ ಪಾತ್ರೆ ಒರೆಸುತ್ತಿದ್ದೆ. ಆ ವರ್ಷದಷ್ಟು ಹೊಳೆಯುವ ಪಾತ್ರೆಗಳು ಡಿಚೋಲಿಯಲ್ಲಿ ಯಾವ ಅಂಗಡಿಯಲ್ಲೂ ಇರಲಿಲ್ಲ.

ಇದಕ್ಕಿಂತ ಕೆಟ್ಟದ್ದು ಮೂರು ನಾಲ್ಕು ವರ್ಷದ ಮೇಲೆ ನಡೆಯಿತು. ಆಗಲೂ ಆ ಗೋಲಿನ ವಾದ ನಿಂತಿರಲಿಲ್ಲ. ಚಹಾ ಕುಡಿಯಲು ನಿಂತವರು ಅದನ್ನೇ ತೆಗೆಯುತ್ತಿದ್ದರು, ಮತ್ತು ತೆಗೆದರೆ ನನ್ನ ಅಂಗಡಿಯಲ್ಲೇ, ಯಾಕೆಂದರೆ ಸಾಕ್ಷಿ ಇಲ್ಲಿದ್ದಾನೆ. ಒಂದು ಮಧ್ಯಾಹ್ನ ನಾಲ್ಕು ಜನ ಡ್ರೈವರುಗಳೂ ಪೇಟೆಯ ಇಬ್ಬರೂ ಸೇರಿ ನನ್ನ ಕಟ್ಟೆಯ ಮೇಲೆ ಎರಡು ಲೋಟ ಬೋರಲು ಇಟ್ಟು ಗೋಲಿನ ಕಂಬ ಮಾಡಿದರು. ಯಾರದೋ ಚೀಲದಿಂದ ಒಂದು ನಿಂಬೆಹಣ್ಣು ಬಂತು.

“ಸಾವಕಾರ್ರ, ಇದ ಚೆಂಡು. ಎಲ್ಲಿಂದ ಹೋತು, ಇಟ್ಟು ತೋರಿಸ್ರಿ. ಜಗಳನ ಮುಗೀಲಿ” ಎಂದ ಒಬ್ಬ.

ನಿಂಬೆಹಣ್ಣು ನನ್ನ ಅಂಗೈಯಲ್ಲಿ. ತಲೆ ಎತ್ತಿದರೆ ಬಾಗಿಲ ಹೊರಗೆ, ಬಿಸಿಲಲ್ಲಿ, ಅವನು ನಿಂತಿದ್ದ. ಒಳಗೆ ಬಂದಿರಲಿಲ್ಲ. ಕಂಬದ ಆಚೆ ಒಂದು ಗೇಣು, ಅಂದರೆ ಲೋಟದ ಆಚೆ ಒಂದು ಬೆರಳು. ಅಷ್ಟೇ ಸರಿಸಬೇಕಿತ್ತು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಇವರು ಕೇಳುತ್ತಾರೆ, ಅದಕ್ಕೆ ಏನು ಉತ್ತರ ಕೊಡಲಿ ಎಂಬುದೊಂದೇ ನನ್ನ ತಲೆಯಲ್ಲಿ. ಸುಳ್ಳು ಹಳತಾದಷ್ಟೂ ಅದನ್ನು ಬಿಡಿಸುವುದು ಕಷ್ಟ. ನಾನು ನಿಂಬೆಹಣ್ಣನ್ನು ಎರಡು ಲೋಟಗಳ ನಡುವೆ ಇಟ್ಟೆ.

ಪೇಟೆಯವರು ಚಪ್ಪಾಳೆ ತಟ್ಟಿದರು. ಅವನು ಹೊರಗಿನಿಂದಲೇ ನೋಡಿದ, ತಿರುಗಿ ಹೋದ. ಅಲ್ಲಿಂದ ಮುಂದೆ ಅವನು ನನ್ನ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ದಾರಿಯಲ್ಲಿ ಎದುರಾದರೆ “ಸಾವಕಾರ್ರ, ನಮಸ್ಕಾರ್ರಿ” ಎನ್ನುತ್ತಿದ್ದ. ‘ಅಣ್ಣಾರ’ ಮುಗಿದಿತ್ತು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು ನನಗೆ.

ಆಮೇಲೆ ಕೇಳಿದ ಒಂದು ಸುದ್ದಿ ನನ್ನ ಊಟ ಕೆಡಿಸಿತು. ಆ ಹೆಸರು ಅವನ ಹಳ್ಳಿಗೂ ಹೋಗಿತ್ತಂತೆ. ಹಳ್ಳಿಯವರಿಗೆ ಫುಟ್‌ಬಾಲ್ ಏನು ಗೊತ್ತು? ಕೈಬಿಟ್ಟವನು ಎಂದರೆ ಅಲ್ಲಿ ಒಂದೇ ಅರ್ಥ, ಹೆಂಡತಿಯ ಕೈ ಬಿಟ್ಟವನು. ಗೋವಾದಲ್ಲಿ ಇನ್ನೊಂದು ಸಂಸಾರ ಹೂಡಿದ್ದಾನೆ ಎಂದು ಗಾಳಿಮಾತು ಎದ್ದು, ಅವನ ಮಾವ ಬಸ್ಸು ಹತ್ತಿ ಡಿಚೋಲಿಗೆ ಬಂದು, ಮಗಳು ಅಳಿಯನ ಜೊತೆಗೇ ಇರುವುದನ್ನು ಕಣ್ಣಾರೆ ಕಂಡು ಹೋದನಂತೆ. ಹೇಳಿದವರು ಬಿದ್ದು ಬಿದ್ದು ನಕ್ಕರು. ನಾನೂ ನಗಲು ನೋಡಿದೆ, ಬರಲಿಲ್ಲ. ಒಂದು ಮಾತನ್ನು ನಾನು ತಪ್ಪಾಗಿ ಕೇಳಿಸಿಕೊಂಡೆ. ಅದರಿಂದ ಹುಟ್ಟಿದ ಮಾತನ್ನು ಅವರು ತಪ್ಪಾಗಿ ಕೇಳಿಸಿಕೊಂಡರು. ನಡುವೆ ಸಿಕ್ಕವನು ಅವನು.

ಎರಡು ಸಾವಿರದ ಹನ್ನೆರಡರಲ್ಲಿ, ಮಳೆ ಮುಗಿದರೂ ಗಣಿ ಶುರುವಾಗಲಿಲ್ಲ. ಸರ್ಕಾರವೇ ನಿಲ್ಲಿಸಿದೆ ಎಂದರು. ಇವತ್ತು ತೆರೆಯುತ್ತದೆ, ನಾಳೆ ತೆರೆಯುತ್ತದೆ ಎಂದು ಕಾದು ಕಾದು ಟ್ರಕ್ಕುಗಳ ಚಕ್ರಕ್ಕೆ ಹುಲ್ಲು ಹತ್ತಿತು. ನಮ್ಮ ಮಂದಿ ಒಬ್ಬೊಬ್ಬರಾಗಿ ಗಂಟು ಕಟ್ಟತೊಡಗಿದರು. ಆ ದಿನಗಳಲ್ಲಿ ಒಂದು ಬೆಳಗ್ಗೆ, ಹತ್ತು ಗಂಟೆಯ ಸುಮಾರಿಗೆ, ಅವನ ಹೆಂಡತಿ ಅಂಗಡಿಗೆ ಬಂದಳು. ಹಿಂದೆ ಅವನು. ಮೆಟ್ಟಿಲ ಹತ್ತಿರ ನಿಂತ. ಹೆಂಡತಿ ತಿರುಗಿ ನೋಡಿದಳು. ಹತ್ತಿ ಬಂದ.

ಅಂಗಡಿಯಲ್ಲಿ ಮಾಸ್ತರರು ಇದ್ದರು. ನಿವೃತ್ತಿಯಾದ ಮೇಲೆ ದಿನಾ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ಮರಾಠಿ ಪೇಪರು ಓದುವುದು ಅವರ ರೂಢಿ. ಅಷ್ಟು ವರ್ಷ ಅವರ ಜೊತೆ ಮಾತಾಡಿ ನನ್ನ ಮರಾಠಿಯೂ ಸುಧಾರಿಸಿತ್ತು. ಹೊರಗೆ ಚಹಾದವನ ಹತ್ತಿರ ಐದಾರು ಡ್ರೈವರುಗಳು ಕೆಲಸವಿಲ್ಲದೆ ನಿಂತಿದ್ದರು. ಅವನು ನನ್ನ ಅಂಗಡಿಯೊಳಗೆ ಹೋದದ್ದನ್ನು ಕಂಡು ಎಲ್ಲರೂ ಇತ್ತ ತಿರುಗಿದರು.

“ಒಂದ ಕೊಡ ಬೇಕಾಗಿತ್ರಿ” ಎಂದಳು ಹೆಂಡತಿ. “ಊರಿಗೆ ಹೊಂಟೇವಿ. ಇನ್ನ ಬರೂದಿಲ್ಲ. ಇಷ್ಟ ವರ್ಷ ಇದ್ದು ಬರಿಗೈಲೆ ಹೋಗಬಾರದಲ್ರಿ.”

ಮೇಲಿನ ಸಾಲಿನಿಂದ ಒಳ್ಳೆಯ ಕೊಡ ತೆಗೆದೆ. ಗೆಣ್ಣಿನಿಂದ ಬಾರಿಸಿದೆ. ಗಂಟೆಯ ಹಾಗೆ ಸದ್ದು ಬಂತು. ಅವಳಿಗೆ ಹಿಡಿಸಿತು. ಮಿಷನ್ನಿನ ವೈರು ಚುಚ್ಚಿ, ಕೊಡವನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಬಾಯಿಗೆ ಬಂದ ರೂಢಿಯ ಮಾತನ್ನೇ ಕೇಳಿದೆ: “ಹೆಸರು ಏನ್ ಹಾಕ್ಲಿ?”

ಹೆಂಡತಿ ಗಂಡನ ಮುಖ ನೋಡಿದಳು. ಅವನು ಅವಸರ ಮಾಡಲಿಲ್ಲ.

“ಕೈಬಿಟ್ಟಾಂವ ಅಂತ ಹಾಕ್ರಿ.”

“ಅಯ್ಯ, ಏನ್ ಮಾತ್ರಿ ಇದು!” ಎಂದಳು ಅವಳು.

“ಸುಮ್ನಿರು. ಹತ್ತ ವರ್ಷ ಎಲ್ಲಾರೂ ಅದ ಹೆಸರಲೆ ಕರದಾರ. ಊರಾಗೂ ಅದ ಹೆಸರು ಐತಿ. ಬ್ಯಾರೆ ಹಾಕಿದ್ರ ಯಾರ ಕೊಡ ಅಂತ ಮಂದಿಗೆ ಗೊತ್ತಾಗೂದಿಲ್ಲ.” ನನ್ನ ಕಡೆ ತಿರುಗಿದ. “ಹಾಕ್ರಿ ಸಾವಕಾರ್ರ. ನೀವ ಹಾಕಬೇಕು ಅದನ್ನ.”

ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನ ಜೀವ ಹಿಂಡಿತು. ಗುಂಡಿ ಒತ್ತಿದೆ. ಮಿಷನ್ನು ಜಿರ್ರೆಂದಿತು. ಸೂಜಿಯನ್ನು ಕೊಡದ ಹತ್ತಿರ ತಂದೆ. ಸೂಜಿ ತಗಡಿಗೆ ತಾಗಿ ಒಂದು ಚುಕ್ಕೆ ಬಿತ್ತು. ಆ ಚುಕ್ಕೆಯಿಂದ ‘ಕ’ ಶುರುಮಾಡಬಹುದಿತ್ತು. ಆ ಕ್ಷಣ ಖರೇ ಹೇಳುತ್ತೇನೆ, ಬರೆದು ಮುಗಿಸಿ ಕಳಿಸಿಬಿಡಲೇ ಎಂದೂ ಅನ್ನಿಸಿತು. ಅವರು ನಾಳೆ ಬಸ್ಸು ಹತ್ತುತ್ತಾರೆ, ಊರಿನ ಬಾಯಿ ಮುಚ್ಚುತ್ತದೆ, ನಾನು ನನ್ನ ಪಾತ್ರೆ ಒರೆಸಿಕೊಂಡಿರುತ್ತೇನೆ. ಆದರೆ ಸ್ಟೀಲಿನ ಮೇಲೆ ಬಿದ್ದದ್ದು ಅಳಿಸುವುದಿಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ಹಳ್ಳಿಯ ಬಾವಿಕಟ್ಟೆಯ ಮೇಲೆ ದಿನಾ ಬೆಳಗ್ಗೆ ನನ್ನ ಅಕ್ಷರ ಕೂತಿರುತ್ತದೆ.

ಗುಂಡಿ ಬಿಟ್ಟೆ. ಸದ್ದು ನಿಂತಿತು. ಮಾಸ್ತರರು ಪೇಪರಿನಿಂದ ತಲೆ ಎತ್ತಿದರು.

“ನಾ ಇದನ್ನ ಬರಿಯಂಗಿಲ್ಲ” ಎಂದೆ.

“ಯಾಕ್ರಿ?” ಎಂದ ಅವನು.

“ಚೆಂಡ ಹೊರಗ ಹೋಗಿತ್ತು. ನೀ ಕೈ ತಗದದ್ದು ಬರೋಬ್ಬರಿ ಇತ್ತು. ನಾ ಕಣ್ಣಾರೆ ನೋಡೇನಿ.”

ಅವನು ಅಲುಗಾಡಲಿಲ್ಲ. “ಜೋರಾಗಿ ಹೇಳ್ರಿ. ಅವತ್ತ ಜೋರಾಗಿ ಹೇಳಿದ್ರಿ.”

ಹೊರಗಿನವರು ಮೆಟ್ಟಿಲವರೆಗೆ ಬಂದಿದ್ದರು. ಎದ್ದು ನಿಂತು ಅದನ್ನೇ ಮತ್ತೆ ಹೇಳಿದೆ, ಕೂಗಿ ಹೇಳಿದೆ. “ಹಂಗಾರ ಆ ನಿಂಬಿಹಣ್ಣು?” ಎಂದ ಹಿಂದಿನಿಂದ ಒಬ್ಬ. “ಅದೂ ಸುಳ್ಳ” ಎಂದೆ. ಗೋಲ್‌ಕೀಪರ್ ಮಾಸ್ತರರತ್ತ ಕೈ ಮಾಡಿದ.

“ಅವರಿಗೂ ಹೇಳ್ರಿ. ಅವರ ಭಾಷಾದಾಗ. ಈ ಸಲ ತಪ್ಪಬ್ಯಾಡ್ರಿ.”

ಮಾಸ್ತರರು ಕನ್ನಡಕ ತೆಗೆದು ನನ್ನನ್ನೇ ನೋಡುತ್ತಿದ್ದರು. ನಾನು ಒಂದೊಂದೇ ಶಬ್ದ ಜೋಡಿಸಿದೆ: “ಸರ್, ಬಾಲ್ ಬಾಹೇರ್ ಗೆಲಾ ಹೋತಾ.” ಚೆಂಡು ಹೊರಗೆ ಹೋಗಿತ್ತು. ಹೇಳಿ ಮುಗಿಸಿದ ಮೇಲೆ ಹೊಳೆಯಿತು, ಈ ವಾಕ್ಯವೂ ‘ಹೋತಾ’ ಎಂದೇ ಮುಗಿಯುತ್ತದೆ. ಅವತ್ತು ಅದರ ಹಿಂದೆ ಎರಡು ಶಬ್ದ ಹೆಚ್ಚು ಗೊತ್ತಿದ್ದರೆ ಸಾಕಿತ್ತು. ಗೊತ್ತಿಲ್ಲ ಎಂದು ಒಪ್ಪಿಕೊಂಡಿದ್ದರೂ ಸಾಕಿತ್ತು. ಬಲೆಯ ತೂತು, ನನ್ನ ‘ಹೋತು’, ಅವರ ‘ಹೋತಾ’, ಎಲ್ಲವನ್ನೂ ತಡವರಿಸುತ್ತ ಹೇಳಿದೆ.

ಮಾಸ್ತರರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವರು ನನ್ನನ್ನು ಬೈಯಲಿಲ್ಲ. ಪೇಪರನ್ನು ನಾಲ್ಕಾಗಿ ಮಡಿಸಿ ಸ್ಟೂಲಿನ ಮೇಲಿಟ್ಟು, ಎದ್ದು ಅವನ ಹತ್ತಿರ ಹೋದರು. ಬಲೆಯನ್ನು ನಾನೇ ಹೋಗಿ ನೋಡಬೇಕಿತ್ತು, ಇವನ ಮಾತಿನ ಮೇಲೆ ಸೀಟಿ ಊದಿದ್ದು ನನ್ನ ತಪ್ಪು ಎಂದು ಮರಾಠಿಯಲ್ಲಿ ಹೇಳಿ ಎರಡೂ ಕೈ ಜೋಡಿಸಿದರು. ಎಪ್ಪತ್ತರ ಹತ್ತಿರದ ಮನುಷ್ಯ. ಅವನು ಗಾಬರಿಯಾಗಿ ಅವರ ಕೈಗಳನ್ನು ಹಿಡಿದುಕೊಂಡ. ಮಾಸ್ತರರು ನನ್ನ ಕಡೆ ನೋಡದೆ ಮೆಟ್ಟಿಲಿಳಿದು ಹೋದರು. ಮರುದಿನ ಬರಲಿಲ್ಲ. ಆಮೇಲೂ ಬರಲಿಲ್ಲ.

ಅಂಗಡಿಯಲ್ಲಿ ನಾವು ಮೂವರು ಉಳಿದೆವು, ಬಾಗಿಲಲ್ಲಿ ಡ್ರೈವರುಗಳು. ಅವನು ಏನಾದರೂ ಅಂದಾನು ಎಂದು ಕಾದೆ. ಇಂಥ ಹೊತ್ತಿಗೆಂದೇ ನಮ್ಮ ಮಂದಿಯಲ್ಲಿ ಒಂದು ಸಿದ್ಧ ಮಾತಿದೆ: “ಹೋತು ಬಿಡ್ರಿ.” ಸತ್ತ ಮನೆಯಲ್ಲೂ ಅಂತೇವೆ, ಒಡೆದ ಗಡಿಗೆಗೂ ಅಂತೇವೆ. ಆ ಎರಡು ಶಬ್ದಕ್ಕಾಗಿ ನಾನು ಅವನ ಬಾಯಿಯನ್ನೇ ನೋಡಿದೆ. ಅವನು ಅನ್ನಲಿಲ್ಲ. ಯಾಕೆ ಅನ್ನಬೇಕು?

“ಇನ್ನ ಬರೀರಿ” ಎಂದ, ಕೊಡ ತೋರಿಸಿ.

ಕೊಡವನ್ನು ಮತ್ತೆ ತೊಡೆಯ ಮೇಲೆ ಇಟ್ಟುಕೊಂಡೆ. ಗುಂಡಿ ಒತ್ತಿದೆ. ಸೂಜಿಯನ್ನು ಆ ಚುಕ್ಕೆಯ ಹತ್ತಿರ ಒಯ್ದು ಅಲ್ಲೇ ತಡೆದೆ. ಬರೆಯಲು ನನ್ನ ಹತ್ತಿರ ಏನೂ ಇರಲಿಲ್ಲ. ಎಷ್ಟೋ ಮಧ್ಯಾಹ್ನ ನನ್ನ ಮೆಟ್ಟಿಲ ಮೇಲೆ ಕೂತು ನೀರು ಕುಡಿದವನು; ಹತ್ತು ವರ್ಷ ನನ್ನ ನಿದ್ದೆಗೆಡಿಸಿದವನು; ನಾನು ತಮ್ಮಾ ಎಂದೆ, ಊರು ಕೈಬಿಟ್ಟಾಂವ ಎಂದಿತು. ಅವನ ಹೆಸರು ನಾನು ಒಂದು ಸಲವೂ ಕೇಳಿರಲಿಲ್ಲ.

ಮಿಷನ್ನು ನಿಲ್ಲಿಸಿದೆ.

“ನಿನ್ನ ಹೆಸರು...” ಎಂದೆ.

ಅವನಿಗೆ ಒಂದು ಗಳಿಗೆ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಹೆಂಡತಿ ಸೆರಗನ್ನು ಬಾಯಿಗೆ ಹಚ್ಚಿಕೊಂಡಳು. ಅವನು ತನ್ನ ಹೆಸರು ಹೇಳಿದ, ಅಪ್ಪನ ಹೆಸರು ಹೇಳಿದ, ಮನೆತನದ ಹೆಸರು ಹೇಳಿದ. ನಾನು ಎರಡನೆಯ ಸಲ ಕೇಳಿದೆ, ದಂಧೆಯ ನಿಯಮದಂತೆ. ಎರಡನೆಯ ಸಲವೂ ಹೇಳಿದ.

“ಏನಂದಿ? ಕೇಳ್ಲಿಲ್ಲ” ಎಂದ ಬಾಗಿಲಲ್ಲಿದ್ದ ಒಬ್ಬ ಹೊಸ ಡ್ರೈವರು. ಅವನಿಗೂ ಅದು ಹೊಸ ಹೆಸರು.

ಅವನು ಹೊರಗೆ ತಿರುಗಿ ನಿಂತು, ಪೇಟೆಗೆಲ್ಲ ಕೇಳುವಂತೆ, ಮೂರನೆಯ ಸಲ ಹೇಳಿದ. ನಾನು ತಲೆ ಬಗ್ಗಿಸಿ ಬರೆಯತೊಡಗಿದೆ.